ಹೊಸ ಕಾರಿನ ಬಿಳಿ ಹಾಳೆಯನ್ನು ಕೀಳಬೇಕಾದವರು ಯಾರು?

ಮಾನ್ಯರೇ,

ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವವರು ನಮ್ಮ ಕಡೆ ಕಡಿಮೆ. ಆದರೆ ಕಾರ್ಖಾನೆಗಳಿಗೆ ಆಷಾಢವಿಲ್ಲವಲ್ಲ! ಶ್ರೀಪೆರಂಬುದೂರು, ಮಾನೇಸರ, ಸಾನಂದ್, ಬಿಡದಿ ಕಡೆಯಿಂದ ಟ್ರೇಲರ್‌ಗಳು ಬರುತ್ತಲೇ ಇರುತ್ತವೆ. ಬಂದ ಕಾರುಗಳು ಊರಾಚೆಯ ಸ್ಟಾಕ್ ಯಾರ್ಡುಗಳಲ್ಲಿ, ಸೂರಿಲ್ಲದ ಬಯಲಿನಲ್ಲಿ, ಶ್ರಾವಣ ಬರಲೆಂದು ಕಾಯುತ್ತ ನಿಲ್ಲುತ್ತವೆ. ಅವುಗಳಲ್ಲಿ ಎಷ್ಟೋ ಕಾರುಗಳ ಬಾನೆಟ್ಟಿನ ಮೇಲೂ ಟಾಪಿನ ಮೇಲೂ ಕಾರ್ಖಾನೆಯಲ್ಲೇ ಅಂಟಿಸಿದ ಬಿಳಿ ಪ್ಲಾಸ್ಟಿಕ್ ಹಾಳೆ ಇರುತ್ತದೆ. ದಾವಣಗೆರೆಯಲ್ಲಿ ಬಹುಕಾಲ ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜು ನಡೆಸಿ ಈಗ ಮಗನ ಕೈಗೆ ಬಿಟ್ಟು ಕುಳಿತಿರುವ ನಾನು ಬರೆಯುತ್ತಿರುವುದು ಆ ಹಾಳೆಯ ಬಗ್ಗೆ. ಕೀಲಿ ಕೊಡುವ ಮೊದಲೇ, ಕೊಂಡವರ ಕಣ್ಣೆದುರಿಗೇ, ಮಾರಿದವರೇ ಅದನ್ನು ಕೀಳಬೇಕು.

ಹಾಳೆ ಇರುವುದು ಪ್ರಯಾಣಕ್ಕಾಗಿ. ರೈಲಿನಲ್ಲಿ ಬರುವ ಗಾಡಿಯ ಮೇಲೆ ಹಳಿ ಮತ್ತು ಬ್ರೇಕಿನಿಂದ ಹಾರುವ ಕಬ್ಬಿಣದ ಪುಡಿ ಕೂರುತ್ತದೆ. ಯಾರ್ಡಿನಲ್ಲಿ ಕಾಗೆ, ಪಾರಿವಾಳಗಳ ಹಿಕ್ಕೆ ಬೀಳುತ್ತದೆ. ಅದನ್ನೆಲ್ಲ ತಡೆಯಲು ಕೆಲವು ತಿಂಗಳ ಮಟ್ಟಿಗೆ ಅಂಟಿಸಿದ ತೆಳು ಪಾಲಿಥಿನ್ ಅದು. ಹೊಸದರಲ್ಲಿ ಎಳೆದರೆ ಇಡಿಯಾಗಿ ಎದ್ದುಬರುತ್ತದೆ. ಅವಧಿ ಮೀರಿ ಬಿಸಿಲು ಕುಡಿದರೆ ಹಾಳೆ ಪೆಡಸಾಗಿ ಚೂರುಚೂರಾಗಿ ಹರಿಯುತ್ತದೆ, ಅಂಟು ಮಾತ್ರ ಬಣ್ಣವನ್ನು ಕಚ್ಚಿಕೊಂಡು ಕೂರುತ್ತದೆ. ಅಂಚು ಬಿಟ್ಟುಕೊಂಡ ಕಡೆ ನೀರು, ದೂಳು ಒಳಸೇರಿ ಗೆರೆ ಮೂಡುತ್ತದೆ.

ನನ್ನ ತಂಗಿಯ ಮಗ ಕಳೆದ ವರಮಹಾಲಕ್ಷ್ಮಿ ಹಬ್ಬಕ್ಕೆ ಕಪ್ಪು ಬಣ್ಣದ ಕಾರು ತಂದ. ಫೋಟೊದಲ್ಲಿ ಕಾಣುವ ಬಾನೆಟ್ಟಿನ ಹಾಳೆಯನ್ನು ಷೋರೂಮಿನವರು ಕಿತ್ತಿದ್ದರು. ಟಾಪಿನದನ್ನು ಹಾಗೆಯೇ ಬಿಟ್ಟಿದ್ದರು. ಕೇಳಿದ್ದಕ್ಕೆ ಸೇಲ್ಸ್ ಹುಡುಗ, ‘ಇರಲಿ ಬಿಡಿ ಸರ್, ಪೇಂಟಿಗೆ ಒಳ್ಳೆಯದು, ಸರ್ವಿಸಿಗೆ ಬಂದಾಗ ತೆಗೆದುಕೊಡುತ್ತೇವೆ’ ಎಂದನಂತೆ. ಸರ್ವಿಸಿನಲ್ಲಿ ಎಣ್ಣೆ ನೋಡಿದರು, ಗಾಳಿ ನೋಡಿದರು, ನೀರು ಹೊಡೆದು ಕಳಿಸಿದರು. ಟಾಪನ್ನು ಯಾರೂ ನೋಡಲಿಲ್ಲ. ದೀಪಾವಳಿಗೆ ಅವನೇ ಕೀಳಲು ಹೋದರೆ ಉಗುರಗಲದ ಪಟ್ಟಿಗಳಾಗಿ ಬಂತು. ಟಾಪಿನ ತುಂಬ ಅಂಟು, ಅಂಚಿನುದ್ದಕ್ಕೂ ಮಾಸಲು ಗೆರೆ. ಕಪ್ಪು ಬಣ್ಣ ಏನನ್ನೂ ಬಚ್ಚಿಡುವುದಿಲ್ಲ. ಷೋರೂಮಿಗೆ ಒಯ್ದರೆ ‘ಇದು ನಿಮ್ಮ ನಿರ್ಲಕ್ಷ್ಯ’ ಎಂಬ ಉತ್ತರ. ಜೊತೆಗೆ, ಹಣ ಕೊಟ್ಟರೆ ಪಾಲಿಶ್ ಮಾಡಿ ಕೋಟಿಂಗ್ ಹಾಕಿಕೊಡುತ್ತೇವೆ ಎಂಬ ಉಪಕಾರ ಬೇರೆ.

‘ಪೇಂಟಿಗೆ ಒಳ್ಳೆಯದು’ ಎಂಬ ಆ ಮಾತು ಹುಟ್ಟುವುದು ಒಂದು ಗೊಂದಲದಿಂದ. ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಎಂದು ಈಗ ಎಲ್ಲೆಡೆ ಮಾರುತ್ತಿರುವ ದಪ್ಪನೆಯ ಪಾರದರ್ಶಕ ಹಾಳೆ ಬೇರೆ. ಅದು ಪಾಲಿಯುರೆಥೇನ್, ವರ್ಷಗಟ್ಟಲೆ ಬಿಸಿಲಿಗೆ ಮೈಯೊಡ್ಡಿ ಇರಲೆಂದೇ ಮಾಡಿದ್ದು, ಬೆಲೆಯೂ ಹತ್ತಾರು ಸಾವಿರದ ಮೇಲೆ. ಈ ಬಿಳಿ ಹಾಳೆ ಬಿಟ್ಟಿ ಬಂದದ್ದು, ಬಂದ ಕೆಲಸ ಮುಗಿದ ಮೇಲೆ ಹೋಗಬೇಕಾದದ್ದು. ಸೀಟಿನ ಪ್ಲಾಸ್ಟಿಕ್ ಕವರನ್ನು ವರ್ಷವಾದರೂ ತೆಗೆಯದ ನಮ್ಮ ಜನಕ್ಕೆ ಇದನ್ನೂ ಇಟ್ಟುಕೊಳ್ಳೋಣ ಎನ್ನಿಸುವುದು ಸಹಜ. ಸೀಟಿನ ಕವರಿನಿಂದ ಬೆನ್ನು ಬೆವರೀತು, ಅಷ್ಟೇ. ಇದರಿಂದ ಬಣ್ಣವೇ ಹೋಗುತ್ತದೆ.

ಹೋದ ಬಣ್ಣವನ್ನು ನಾವು ಗ್ಯಾರೇಜಿನವರು ಮರಳಿ ಕೊಡಲಾರೆವು ಎಂಬುದನ್ನು ಓದುಗರು ಗಮನಿಸಬೇಕು. ಕಾರ್ಖಾನೆಯಲ್ಲಿ ಬರಿಯ ತಗಡಿನ ಬಾಡಿಗೆ ಬಣ್ಣ ಹೊಡೆದು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ವೈರು, ರಬ್ಬರು, ಪ್ಲಾಸ್ಟಿಕ್ಕು ಎಲ್ಲ ಜೋಡಿಸಿದ ಗಾಡಿಗೆ ನಮ್ಮ ಪೇಂಟಿಂಗ್ ಬೂತಿನಲ್ಲಿ ಸುಮಾರು 60 ಡಿಗ್ರಿ ಕೊಡಬಹುದು. ಆ ಗಟ್ಟಿತನ ಎಲ್ಲಿಂದ ಬರಬೇಕು? ಇನ್ನು ಪಾಲಿಶ್ ಎಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಅಂದರೆ ಕ್ಲಿಯರ್ ಕೋಟನ್ನು, ತುಸು ತುಸುವೇ ಉಜ್ಜಿ ತೆಗೆಯುವುದು. ಆ ಕೋಟು ಇರುವುದೇ ಸಾಮಾನ್ಯವಾಗಿ 40, 50 ಮೈಕ್ರಾನ್. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಹೊಸ ಕಾರಿಗೇ ಪಾಲಿಶ್ ಮಾಡುವ ಕಾಂಪೌಂಡ್ ಪೇಸ್ಟ್ ಹಾಕಿ ಉಜ್ಜುವುದೆಂದರೆ ಮುಂದಿನ ಹತ್ತು ವರ್ಷದ ಗಂಟನ್ನು ಮೊದಲ ತಿಂಗಳಲ್ಲೇ ಒಡೆದಂತೆ.

ಈಗಾಗಲೇ ಹಾಳೆ ಹೊತ್ತು ತಿರುಗುತ್ತಿರುವವರಿಗೆ ಎರಡು ಮಾತು. ಮೊದಲು ತೊಳೆದು ದೂಳು ಹೋಗಲಾಡಿಸಿ. ಸುಡುಬಿಸಿಲಿನಲ್ಲೂ ಬೇಡ, ಚಳಿಯ ಮುಂಜಾನೆಯೂ ಬೇಡ. ನೆರಳಿನಲ್ಲಿ ನಿಲ್ಲಿಸಿ, ಕೈಯಿಟ್ಟರೆ ತಗಡು ಬೆಚ್ಚಗಿರಬೇಕು. ಇಲ್ಲದಿದ್ದರೆ ಮನೆಯ ಹೇರ್ ಡ್ರೈಯರ್ ಸಾಕು. ಪೇಂಟರುಗಳ ಹೀಟ್ ಗನ್ ಹಿಡಿಯಲು ಹೋಗಬೇಡಿ. ಮೂಲೆಯಿಂದ ಉಗುರಿನಲ್ಲಿ ಎಬ್ಬಿಸಿ, ಹಾಳೆಯನ್ನು ಹಿಂದಕ್ಕೆ ಮಡಚಿ, ಬಣ್ಣಕ್ಕೆ ಸಮೀಪವಾಗಿಯೇ ನಿಧಾನವಾಗಿ ಎಳೆಯುತ್ತ ಹೋಗಬೇಕು; ಮೇಲಕ್ಕೆ ರಪ್ಪನೆ ಸೆಳೆದರೆ ಹರಿಯುತ್ತದೆ. ಬ್ಲೇಡನ್ನಂತೂ ಮುಟ್ಟಲೇ ಬೇಡಿ. ಉಳಿದ ಅಂಟಿಗೆ ಥಿನ್ನರ್ ಸುರಿಯುವವರನ್ನು ನೋಡಿದ್ದೇನೆ. ಬಂಪರಿನ ಪ್ಲಾಸ್ಟಿಕ್ಕನ್ನೂ ಒಮ್ಮೆ ರೀಪೇಂಟ್ ಆದ ಬಾಗಿಲನ್ನೂ ಅದು ಕ್ಷಣದಲ್ಲಿ ಕೆಡಿಸುತ್ತದೆ. ಪೆಟ್ರೋಲಿನ ಸಹವಾಸವೂ ಬೇಡ, ಬೆಂಕಿಯ ಭಯ. ಹಲಸಿನ ಮೇಣಕ್ಕೆ ಅಜ್ಜಿಯರು ಏನು ಮಾಡುತ್ತಿದ್ದರೋ ಇಲ್ಲಿಯೂ ಅದೇ: ಕೊಬ್ಬರಿ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿ. ಮಣಿಯದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ, ಮೊದಲು ಕಾಣದ ಜಾಗದಲ್ಲಿ ಪರೀಕ್ಷಿಸಿ ಬಳಸಬಹುದು. ಕೊನೆಗೆ ಶಾಂಪೂವಿನಲ್ಲಿ ತೊಳೆಯಿರಿ. ಅಂಚಿನ ಎಲ್ಲ ಗೆರೆಯೂ ಶಾಶ್ವತವಲ್ಲ, ಕೆಲವು ನಾಲ್ಕು ದಿನದ ಬಿಸಿಲಿಗೆ ತಾವೇ ಮಾಯವಾಗುತ್ತವೆ. ಆದ್ದರಿಂದ ಕೂಡಲೇ ಪಾಲಿಶಿಗೆ ಓಡಬೇಡಿ. ಓಡಿದವರಿಂದ ನಮ್ಮ ಗ್ಯಾರೇಜಿಗೆ ಲಾಭವಾಗಿದೆ, ಅದು ಬೇರೆ ಮಾತು.

ಇಷ್ಟೆಲ್ಲವನ್ನೂ ಕೊಂಡವರೇ ಏಕೆ ಮಾಡಬೇಕು? ಗಾಡಿ ಕೈಗೊಪ್ಪಿಸುವ ಮುನ್ನ ನಡೆಯುವ ತಪಾಸಣೆ, ಅವರ ಮಾತಿನಲ್ಲಿ ಪಿಡಿಐ, ಮಾರಾಟಗಾರರದೇ ಕೆಲಸ. ಡೆಲಿವರಿ ಪತ್ರದಲ್ಲಿ ಸ್ಟೆಪ್ನಿ, ಜಾಕ್, ಎರಡನೇ ಕೀಲಿ ಎಲ್ಲಕ್ಕೂ ಗುರುತು ಹಾಕಿಸಿಕೊಳ್ಳುತ್ತಾರೆ. ‘ಹಾಳೆ ತೆಗೆದ ದಿನಾಂಕ, ಬಣ್ಣ ನೋಡಿದವರ ಸಹಿ’ ಎಂದು ಇನ್ನೊಂದು ಸಾಲು ಸೇರಿಸಿದರೆ ಮುಗಿಯಿತು.

ಕೊಳ್ಳುವವರೂ ಮುಹೂರ್ತದ ಗಡಿಬಿಡಿಯಲ್ಲಿ ಸಹಿ ಹಾಕಬಾರದು. ಹಿಂದಿನ ದಿನವೇ ಹೋಗಿ, ಷೋರೂಮಿನ ದೀಪದಡಿ ಅಲ್ಲ, ಹೊರಗಿನ ಬೆಳಕಿನಲ್ಲಿ ಟಾಪನ್ನೂ ಸೇರಿಸಿ ನೋಡಬೇಕು, ಫೋಟೊ ತೆಗೆದಿಟ್ಟುಕೊಳ್ಳಬೇಕು. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 50 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಅಲ್ಲಿ ಬೇಕಾಗುವುದು ಬರಹದ ಪುರಾವೆ. ‘ಹಾಳೆ ಇರಲಿ ಬಿಡಿ’ ಎಂದು ಯಾರಾದರೂ ಹೇಳಿದರೆ, ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ಎಂದು ಕೇಳಿ.

– ನಿವೃತ್ತ ವಾಹನ ಪೇಂಟರ್, ದಾವಣಗೆರೆ