ಒಂದೇ ನಕ್ಷೆ ಎಲ್ಲ ಗೋಡೆಗೂ ಸಲ್ಲದು

ಮಾನ್ಯರೇ,

ಮೈಸೂರಿನ ದೇವರಾಜ ಅರಸು ರಸ್ತೆಯ ಮಳಿಗೆಯಿರಲಿ, ಹೆಬ್ಬಾಳದ ಕಾರ್ಖಾನೆಯಿರಲಿ, ತುರ್ತು ನಿರ್ಗಮನ ನಕ್ಷೆಯನ್ನು ಗೋಡೆಗೆ ತಗುಲಿಹಾಕಿದರೆ ಕೆಲಸ ಮುಗಿಯಿತೆಂಬ ಭಾವನೆಯಿದೆ. ಒಂದೇ ನಕ್ಷೆಯ ಹತ್ತು ಪ್ರತಿ ತೆಗೆದು ಸಿಕ್ಕ ಗೋಡೆಗೆಲ್ಲ ಅಂಟಿಸುವುದೇ ದೊಡ್ಡ ತಪ್ಪು. ನೋಡುವವರ ಎಡಕ್ಕಿರುವ ಮೆಟ್ಟಿಲು ನಕ್ಷೆಯಲ್ಲೂ ಎಡಕ್ಕೇ ಇರಬೇಕು. ಎದುರು ಗೋಡೆಗೆ ಹಾಕುವಾಗ ಚಿತ್ರವನ್ನು 180 ಡಿಗ್ರಿ ತಿರುಗಿಸಿ, ಅಕ್ಷರಗಳನ್ನು ನೇರವಾಗಿಟ್ಟು, ಬೇರೆಯಾಗಿಯೇ ಮುದ್ರಿಸಬೇಕು. ಉತ್ತರ ಮೇಲಿರಬೇಕೆಂಬುದು ಭೂಪಟದ ರೂಢಿ. ಹೊಗೆ ತುಂಬಿದಾಗ ಯಾರೂ ಉತ್ತರ ಹುಡುಕುವುದಿಲ್ಲ. ‘ನೀವು ಇಲ್ಲಿದ್ದೀರಿ’ ಗುರುತೂ ಜಾಗಕ್ಕೆ ತಕ್ಕಂತೆ ಬದಲಾಗಬೇಕು.

ಆರ್ಕಿಟೆಕ್ಟ್ ಕೊಟ್ಟ ಡ್ರಾಯಿಂಗನ್ನೇ ಕುಗ್ಗಿಸಿ ಹಾಕಿದರೆ ಅಳತೆ, ಪೈಪು, ವೈರಿಂಗ್ ಗೆರೆಗಳ ನಡುವೆ ದಾರಿಯೇ ಕಾಣದು. ಗೋಡೆ, ಬಾಗಿಲು, ಮೆಟ್ಟಿಲು ಉಳಿಸಿ ಮಿಕ್ಕದ್ದು ಅಳಿಸಿ. ಹೊರಹೋಗುವ ದಾರಿ ಹಸಿರು, ಬೆಂಕಿ ನಂದಿಸುವ ಸಿಲಿಂಡರ್ ಮತ್ತು ಅಲಾರಂ ಗುಂಡಿ ಕೆಂಪು, ನಿಂತ ಜಾಗ ನೀಲಿ. ಕಾರಿಡಾರ್‌ಗೆ ಎ3 ಅಳತೆ, ಲಾಡ್ಜ್ ಕೊಠಡಿಗೆ ಎ4 ಸಾಕು. ಹೊರಗೆ ಎಲ್ಲರೂ ಸೇರುವ ಜಾಗ, ‘ಲಿಫ್ಟ್ ಬಳಸಬೇಡಿ’ ಸೂಚನೆ, 112 ಸಂಖ್ಯೆ ಇರಲಿ. ಕನ್ನಡದಲ್ಲೇ ಇರಲಿ, ಹೌಸ್‌ಕೀಪಿಂಗ್‌ನವರೂ ಓದಬೇಕಲ್ಲ.

ಪಾರ್ಟಿಷನ್ ಬದಲಾದ ದಿನವೇ ನಕ್ಷೆ ಹಳತಾಗುತ್ತದೆ. ದಸರಾ ಸರಕು ಬಂದಾಗಲಂತೂ ಹಿಂದಿನ ಮೆಟ್ಟಿಲೇ ಗೋದಾಮು. ನಕ್ಷೆಯ ಹಸಿರು ಬಾಣ ರಟ್ಟಿನ ಪೆಟ್ಟಿಗೆಗಳತ್ತ ತೋರಿಸುತ್ತಿರುತ್ತದೆ. ಪಾಲಿಕೆಯವರು ಪರವಾನಗಿ ನವೀಕರಿಸುವಾಗ ಫೋಟೊ ಕೇಳಿ ಸುಮ್ಮನಾಗದೆ, ನಕ್ಷೆ ಹಿಡಿದು ಆ ದಾರಿಯಲ್ಲಿ ಕೊನೆಯ ಬಾಗಿಲವರೆಗೆ ನಡೆದು, ಬೀಗವಿದೆಯೇ ಎಂದು ನೋಡಲಿ.

– ಅಗ್ನಿ ಸುರಕ್ಷತಾ ತರಬೇತುದಾರರು, ಮೈಸೂರು