ರಸ್ತೆ ಕಡಿದರೆ ಗಾಯಾಳು ಎಲ್ಲಿಗೆ?

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಲೈನ್ ಮನೆಯ ಮಗುವೊಂದರ ಕೈಮೇಲೆ ಹಂಡೆಯ ಬಿಸಿನೀರು ಬಿತ್ತು. ಒಬ್ಬರು ಟೂತ್‌ಪೇಸ್ಟ್ ಮೆತ್ತಿದರು, ಇನ್ನೊಬ್ಬರು ಇಂಕು ಹುಡುಕಿ ತಂದರು (ಈ ಕಾಲದಲ್ಲೂ ಅದು ಸಿಕ್ಕಿತಲ್ಲ!). ಬೇಕಿದ್ದದ್ದು ನಲ್ಲಿ ನೀರು. ಸುಟ್ಟ ಭಾಗವನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿದರೆ ಗಾಯ ಆಳಕ್ಕಿಳಿಯುವುದು ತಗ್ಗುತ್ತದೆ. 3 ಗಂಟೆಯೊಳಗೆ ಮಾಡಿದರೂ ಪ್ರಯೋಜನವಿದೆ ಎನ್ನುತ್ತವೆ ಸಂಶೋಧನೆಗಳು. ಐಸ್ ಮಾತ್ರ ಬೇಡ.

ಗಾಯ ದೊಡ್ಡದಾದರೆ ನಮ್ಮವರು ಹೊರಡುವುದು ಮೈಸೂರಿಗೆ, ಇಲ್ಲವೇ ಮಂಗಳೂರಿಗೆ. ಮಡಿಕೇರಿಯಿಂದ ಮೈಸೂರೇ ಸುಮಾರು 120 ಕಿ.ಮೀ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಬಂದ್ ಆಗಿತ್ತು. ಮಣ್ಣಿನಡಿ ಗಂಟೆಗಟ್ಟಲೆ ಅದುಮಿಹೋದ ಕಾಲನ್ನು ಬಿಡಿಸಿದ ಕೂಡಲೇ ಜಜ್ಜಿದ ಸ್ನಾಯುಗಳ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯವೇ ನಿಲ್ಲಬಹುದು. ಆದ್ದರಿಂದ ಸಾಧ್ಯವಾದರೆ ಬಿಡಿಸುವ ಮೊದಲೇ ಸಲೈನ್ ಏರಿಸಬೇಕು. ಜೆಸಿಬಿಯ ಜತೆಗೆ ಇದು ಗೊತ್ತಿರುವ ನರ್ಸ್ ಕೂಡ ಸ್ಥಳಕ್ಕೆ ಹೋಗಬೇಕಲ್ಲವೇ?

ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಜೂನ್‌ಗೆ ಮುನ್ನ ಇಂಥ ತರಬೇತಿ ನಡೆಯಲಿ. ರಸ್ತೆ ಕಡಿದರೆ ಸೋಮವಾರಪೇಟೆ, ವಿರಾಜಪೇಟೆ ಆಸ್ಪತ್ರೆಗಳಲ್ಲಿ ಸಲೈನ್, ರಕ್ತ ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂಬುದನ್ನೂ ಜಿಲ್ಲಾಡಳಿತ ತಿಳಿಸಲಿ.

– ತೋಟದ ರೈತ, ಮಾದಾಪುರ