ನಿದ್ದೆಗೆಟ್ಟು ಓದುವುದನ್ನು ಹೊಗಳಬೇಡಿ

ಮಾನ್ಯ ಸಂಪಾದಕರೇ,

ಪರೀಕ್ಷೆ ಸಮೀಪಿಸಿದಂತೆ ರಾತ್ರಿಯಿಡೀ ಓದುವ ಮಕ್ಕಳನ್ನು ಶ್ರದ್ಧಾವಂತರೆಂದು ಮೆಚ್ಚುವುದೂ ಹೊತ್ತಿಗೆ ಸರಿಯಾಗಿ ಮಲಗುವವರನ್ನು ಸೋಮಾರಿಗಳೆಂದು ಗದರುವುದೂ ರೂಢಿಯಾಗಿಬಿಟ್ಟಿದೆ. ಈ ರೂಢಿ ಕಲಿಕೆಯ ಬುಡಕ್ಕೇ ಕೊಡಲಿ ಹಾಕುತ್ತಿದೆ ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಗಲಿನಲ್ಲಿ ಓದಿದ್ದು ಮೊದಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಆಶ್ರಯಿಸಿರುತ್ತದೆ. ಗಾಢ ನಿದ್ದೆಯಲ್ಲಿ ಮಿದುಳು ಅದನ್ನೇ ಮತ್ತೆ ಮತ್ತೆ ಮೆಲುಕು ಹಾಕಿ, ತನ್ನ ಹೊರಪದರದಲ್ಲಿ ದೀರ್ಘಕಾಲದ ನೆನಪಾಗಿ ನೆಲೆಗೊಳಿಸುತ್ತದೆ. ಬಾಯಿಪಾಠ ಮಾಡಿದ ಬಳಿಕ ಎಚ್ಚರವಾಗಿ ಕಳೆದ ಅವಧಿಗಿಂತ ಅಷ್ಟೇ ಅವಧಿಯ ನಿದ್ದೆಯ ನಂತರ ಮರೆವು ಕಡಿಮೆ ಎಂಬುದನ್ನು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು 1924ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು. ನೂರು ವರ್ಷ ಕಳೆದರೂ ನಾವಿನ್ನೂ ನಿದ್ದೆಯನ್ನು ಓದಿನ ಶತ್ರುವೆಂದೇ ಎಣಿಸುತ್ತಿರುವುದು ನೋವಿನ ಸಂಗತಿ. ನಿದ್ದೆಗೆಟ್ಟ ಮಗು ಕಳೆದುಕೊಳ್ಳುವುದು ನೆನಪನ್ನಷ್ಟೇ ಅಲ್ಲ. ಗಮನ ಚದುರುತ್ತದೆ, ಸುಲಭದ ಲೆಕ್ಕವೂ ತಪ್ಪುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ.

ಹದಿಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವ ಸಮಯವೇ ತಡವಾಗುತ್ತದೆ. ಆದ್ದರಿಂದ ಮಕ್ಕಳು ಬೇಗ ನಿದ್ದೆ ಹೋಗದಿರುವುದಕ್ಕೆ ಹಟವೊಂದೇ ಕಾರಣವಲ್ಲ, ಮಲಗುವ ಹೊತ್ತಿನ ಮೊಬೈಲ್ ಬೆಳಕು ಅದನ್ನು ಇನ್ನಷ್ಟು ಹದಗೆಡಿಸುತ್ತದೆ ಎಂಬುದು ಬೇರೆ ಮಾತು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಹೀಗಿರುವಾಗ ನಸುಕಿನ ವಿಶೇಷ ತರಗತಿಗಳನ್ನು ಶಾಲೆಗಳು ಕೈಬಿಡಬೇಕು, ಮರುದಿನಕ್ಕೆ ಕೊಡುವ ಹೋಮ್‌ವರ್ಕ್‌ಗೆ ಮಿತಿ ಹಾಕಬೇಕು ಮತ್ತು ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಮುಚ್ಚಿಸಿ ಮಕ್ಕಳನ್ನು ಮಲಗಿಸುವ ಧೈರ್ಯವನ್ನು ಪೋಷಕರು ತೋರಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ನಿವೃತ್ತ ಅಧ್ಯಾಪಕಿ